ಹತ್ತು ದಿನದ ಶಿಬಿರದಲ್ಲಿ ಕಲಿತ ಧ್ಯಾನ ಮನೆಗೆ ಬಂದ ಮೇಲೆ ಉಳಿಯುತ್ತಿಲ್ಲ, ನೀವೆಲ್ಲ ಹೇಗೆ ಮಾಡ್ತೀರಿ?

ದಾವಣಗೆರೆ_ಅಮ್ಮ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ತವರಿನಲ್ಲಿ ಬಿಟ್ಟು ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲದಲ್ಲಿ ಗೋಯಂಕಾ ಗುರೂಜಿಯವರ ಹತ್ತು ದಿನದ ವಿಪಶ್ಯನ ಶಿಬಿರ ಮಾಡಿ ಬಂದೆ. ತುಂಬಾ ವರ್ಷದ ಆಸೆ ಅದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತಾರೆ, ನಾಲ್ಕೂವರೆಗೆ ಕೂರಬೇಕು, ಮೊದಲ ಮೂರು ದಿನ ಬರೀ ಉಸಿರು, ಅದೂ ಮೂಗಿನ ಕೆಳಗೆ ಮೇಲ್ತುಟಿಯ ಮೇಲಿನ ಅಷ್ಟೇ ಅಷ್ಟು ಜಾಗದಲ್ಲಿ ಗಮನ ಇಡುವುದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನು ಸಂವೇದನೆ ಇದೆಯೋ ಅದನ್ನು ಸುಮ್ನೆ ನೋಡುತ್ತಾ ಹೋಗುವುದು. ಫೋನ್ ಇಲ್ಲ, ಮಾತಿಲ್ಲ, ಪುಸ್ತಕ ಇಲ್ಲ. ಕಷ್ಟವಾಯಿತು, ಆದರೆ ಕೊನೆಯ ಹೊತ್ತಿಗೆ ನನ್ನೊಳಗೆ ಒಂದು ಹಗುರ ಇತ್ತು. ಅದನ್ನು ನಾನು ಮದುವೆಗೆ ಮೊದಲೂ ಕಂಡಿರಲಿಲ್ಲ.

ಹೊರಡುವಾಗ ದಿನಕ್ಕೆ ಎರಡು ಗಂಟೆ ಕೂರಿ ಅಂತ ಹೇಳಿ ಕಳಿಸುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅದೇ ಆಗುತ್ತಿಲ್ಲ. ನಾನು ಬ್ಯಾಂಕಿನಲ್ಲಿ ಕ್ಲರ್ಕ್. ಯಜಮಾನರು ವಾರದಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರುವುದಿಲ್ಲ. ಬೆಳಿಗ್ಗೆ ಎದ್ದರೆ ಮೂರು ಡಬ್ಬಿ ಕಟ್ಟಬೇಕು, ಸಂಪಿಗೆ ನೀರು ಬಿಟ್ಟಿದ್ದಾರಾ ನೋಡಬೇಕು, ಮಗನ ಒಂದು ಸಾಕ್ಸ್ ಯಾವಾಗಲೂ ಕಾಣೆ. ನಾನು ಕೂತರೆ ಅತ್ತೆ "ಕಣ್ಣು ಮುಚ್ಚಿಕೊಂಡು ಕೂತರೆ ಮನೆ ನಡೆಯುತ್ತೇನಮ್ಮ" ಅನ್ನುತ್ತಾರೆ. ಅವರು ಕೆಟ್ಟವರಲ್ಲ, ಅವರಿಗೂ ಮೊಣಕಾಲು ನೋವು, ಕೈಲಾದಷ್ಟು ಮಾಡುತ್ತಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತರೆ ಹತ್ತು ನಿಮಿಷಕ್ಕೇ ಕುತ್ತಿಗೆ ಜೋತು ಬೀಳುತ್ತದೆ.

ನನಗೆ ಗೊತ್ತಾಗಬೇಕಾಗಿರುವುದು ಇಷ್ಟು. ಇಪ್ಪತ್ತು ನಿಮಿಷ ಕೂತರೂ ಅದು ಸಾಧನೆಯೇನಾ ಅಥವಾ ಬರೀ ಸಮಾಧಾನಕ್ಕೆ ಮಾಡಿದ ಹಾಗಾ? ಕೆಲಸ ಮಾಡುತ್ತಲೇ ಅಭ್ಯಾಸ ಮಾಡುವ ದಾರಿ ಬುದ್ಧನ ಮಾರ್ಗದಲ್ಲೇ ಇದೆಯಾ, ಇಲ್ಲ ಅದು ಈಗಿನವರು ಸೇರಿಸಿದ್ದಾ? ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಕೇಳುತ್ತಾ ಮಾಡಿದರೆ ಶಿಬಿರದಲ್ಲಿ ಕಲಿತದ್ದು ಕೆಡುತ್ತದೆ ಅಂತ ಒಬ್ಬರು ಹೆದರಿಸಿದರು, ಅದು ನಿಜವಾ? ಮನೆ, ಮಕ್ಕಳು, ನೌಕರಿ ಇಟ್ಟುಕೊಂಡು ಮಾಡುತ್ತಿರುವವರು ದಯವಿಟ್ಟು ಹೇಳಿ.

ಹಳೇ_ಸಾಧಕ_ಮೈಸೂರು

ಮೇಡಂ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಈ ಪರಂಪರೆ ಕಾಡಿನಲ್ಲಿ ಕೂತವರಿಂದ ಮಾತ್ರ ಬಂದದ್ದಲ್ಲ, ನಿಮ್ಮಂಥ ಆಫೀಸಿನವರಿಂದಲೇ ಬಂದದ್ದು. ಗೋಯಂಕಾ ಅವರ ಗುರು ಸಯಾಜಿ ಊ ಬಾ ಖಿನ್ ಬರ್ಮಾ ಸರ್ಕಾರದ ಲೆಕ್ಕಪತ್ರ ಇಲಾಖೆಯವರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. ಕಚೇರಿಯಲ್ಲೇ ಸಿಬ್ಬಂದಿಗೆ ವಿಪಶ್ಯನ ಕಲಿಸಿದರು, ಆಮೇಲೆ 1952ರಲ್ಲಿ ರಂಗೂನಿನಲ್ಲಿ ಕೇಂದ್ರ ಕಟ್ಟಿದರು. ಅವರಿಗೆ ಕಲಿಸಿದ ಸಯಾ ತೆಜೀ ಹೊಲ ಉಳುವ ರೈತ. ಆ ರೈತನಿಗೆ ಕಲಿಸಿದವರು ಲೆಡಿ ಸಯಾಡೋ ಎಂಬ ಭಿಕ್ಷು. ಬ್ರಿಟಿಷರು ಬರ್ಮಾದ ರಾಜನನ್ನು ಇಳಿಸಿದ ಕಾಲ ಅದು. ಧರ್ಮಕ್ಕೆ ರಾಜನ ಆಸರೆ ಹೋಯಿತು, ಇನ್ನು ಜನರೇ ಕಾಪಾಡಿಕೊಳ್ಳಬೇಕು ಅಂತ ಅವರು ಊರೂರು ತಿರುಗಿ ಸಾಮಾನ್ಯ ಗೃಹಸ್ಥರಿಗೂ ಧ್ಯಾನ ಕಲಿಸಿದರು. ಇಂದು ನೀವು ಆಲೂರಿನಲ್ಲಿ ಕೂತು ಬಂದಿರಲ್ಲ, ಅದರ ಬೇರು ಅಲ್ಲಿದೆ. ಗೋಯಂಕಾ ಅವರೂ ವ್ಯಾಪಾರಿ, ಸಂಸಾರಸ್ಥರು. ತಡೆಯಲಾರದ ತಲೆನೋವಿಗೆ ಪರಿಹಾರ ಹುಡುಕಿಕೊಂಡು 1955ರಲ್ಲಿ ಊ ಬಾ ಖಿನ್ ಹತ್ತಿರ ಹೋದವರು, 1969ರಲ್ಲಿ ಇದನ್ನು ಭಾರತಕ್ಕೆ ತಂದರು.

ಹಾಗಾಗಿ ಎರಡು ಗಂಟೆ ಅನ್ನುವುದು ಸಂಸಾರ ಗೊತ್ತಿಲ್ಲದವರು ಇಟ್ಟ ಲೆಕ್ಕ ಅಲ್ಲ. ಆಗುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಗದಿದ್ದರೆ ಎಷ್ಟು ಆಗುತ್ತದೋ ಅಷ್ಟು ಕೂರಿ, ಆದರೆ ಬಿಡಬೇಡಿ. ಎರಡೂ ಹೊತ್ತು ಬಿಟ್ಟು ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುತ್ತೇನೆ ಅನ್ನುವವರು ನಿಧಾನಕ್ಕೆ ಬಿಟ್ಟೇಬಿಡುವುದನ್ನು ನಾನು ಬಹಳ ನೋಡಿದ್ದೇನೆ. ಬೆಳಗಿನದ್ದನ್ನು ಉಳಿಸಿಕೊಳ್ಳಿ. ಹಾಲಿಗೆ ಒಲೆ ಹಚ್ಚುವುದಕ್ಕೆ ಮುಂಚೆ, ಫೋನ್ ಮುಟ್ಟುವುದಕ್ಕೆ ಮುಂಚೆ. ಒಮ್ಮೆ ವಾಟ್ಸ್‌ಆ್ಯಪ್ ತೆರೆದರೆ ಆಮೇಲೆ ಕೂತರೂ ತಲೆಯೊಳಗೆ ಅದೇ ಓಡುತ್ತಿರುತ್ತದೆ.

ಹತ್ತನೇ ದಿನ, ಹನ್ನೊಂದನೇ ದಿನ ಬೆಳಿಗ್ಗೆ ಹೇಳಿದ ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. ರಾತ್ರಿ ಮಲಗಿದ ಮೇಲೆ ಐದು ನಿಮಿಷ, ಬೆಳಿಗ್ಗೆ ಎಚ್ಚರವಾದ ತಕ್ಷಣ ಹಾಸಿಗೆಯಲ್ಲೇ ಐದು ನಿಮಿಷ, ಮೈಯಲ್ಲಿನ ಸಂವೇದನೆ ನೋಡುವುದು. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಅತ್ತೆಗೂ ಗೊತ್ತಾಗುವುದಿಲ್ಲ. ಮನಸ್ಸು ತೀರಾ ಕದಡಿದ ದಿನ ಸಂವೇದನೆ ಸಿಗುವುದಿಲ್ಲ, ಆಗ ಆನಾಪಾನಕ್ಕೆ, ಅಂದರೆ ಮೊದಲ ಮೂರು ದಿನ ಮಾಡಿದ ಉಸಿರು ನೋಡುವುದಕ್ಕೆ, ವಾಪಸ್ ಬನ್ನಿ, ಸ್ವಲ್ಪ ಜೋರಾಗಿ ಉಸಿರಾಡಿದರೂ ತಪ್ಪಿಲ್ಲ.

ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದು ವಿಧಾನ ಹಿಡಿದರೆ ಅದನ್ನೇ ಹಿಡಿಯಿರಿ. ಸೋಮವಾರ ಉಸಿರು, ಮಂಗಳವಾರ ಮಂತ್ರ, ಬುಧವಾರ ಸಮುದ್ರದ ಅಲೆಯ ಸದ್ದು ಅಂತ ಹೋದರೆ ಯಾವುದೂ ಆಳಕ್ಕೆ ಇಳಿಯುವುದಿಲ್ಲ.

ಶಾಂತಲಾ_ನಗರದವಳು

ಸರ್ ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ. ಆದರೆ ಕೂರುವುದನ್ನೇ ಧ್ಯಾನ ಅಂದುಕೊಂಡರೆ ನಮ್ಮಂಥ ಹೆಂಗಸರಿಗೆ ದಿನದ ಇಪ್ಪತ್ಮೂರು ಗಂಟೆ ಸುಮ್ನೆ ಹೋಗುತ್ತದೆ. ದಾವಣಗೆರೆ ಅಕ್ಕಾ, ನಿಮಗೆ ದೀಪಾ ಮಾ ಬಗ್ಗೆ ಹೇಳಲೇಬೇಕು. ಅವರ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ ಅನ್ನುವುದು ನನ್ನ ಬೇಸರ.

ಅವರು ಹುಟ್ಟಿದ್ದು 1911ರಲ್ಲಿ, ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಕಡೆಯ ಬಡುವಾ ಬೌದ್ಧರ ಮನೆಯಲ್ಲಿ. ಹನ್ನೆರಡನೇ ವಯಸ್ಸಿಗೆ ಮದುವೆ, ಆಮೇಲೆ ಗಂಡನ ಜೊತೆ ರಂಗೂನು. ವರ್ಷಗಟ್ಟಲೆ ಮಕ್ಕಳಿಲ್ಲ, ಆದ ಮಕ್ಕಳೂ ತೀರಿಕೊಂಡರು, ಉಳಿದವಳು ದೀಪಾ ಎಂಬ ಒಬ್ಬಳು ಮಗಳು. ಅಷ್ಟರಲ್ಲಿ ಗಂಡನೂ ಹಠಾತ್ತಾಗಿ ಹೋದರು. ಹೃದಯದ ಕಾಯಿಲೆ ಬಂದು ಹಾಸಿಗೆ ಹಿಡಿದರು. ಇನ್ನು ಬದುಕಬೇಕಾದರೆ ಮನಸ್ಸಿಗೆ ಒಂದು ದಾರಿ ಬೇಕು ಅನ್ನಿಸಿದಾಗ ಅವರು ಹೋದದ್ದು ಧ್ಯಾನಕ್ಕೆ. ರಂಗೂನಿನಲ್ಲಿ ಮಹಾಸಿ ಸಯಾಡೋ ಎಂಬ ಬರ್ಮಾ ಭಿಕ್ಷುವಿನ ಕೇಂದ್ರದಲ್ಲಿ, ಧ್ಯಾನ ಗುರು ಮುನೀಂದ್ರ ಅವರ ಮಾರ್ಗದರ್ಶನದಲ್ಲಿ ಕಲಿತರು. 1967ರಲ್ಲಿ ಮಗಳ ಜೊತೆ ಕಲ್ಕತ್ತಾಕ್ಕೆ ಬಂದು ಒಂದು ಪುಟ್ಟ ಮನೆಯಲ್ಲಿ ನೆಲೆಸಿದರು, ಆ ಕೋಣೆಗೇ ಜನ ಹುಡುಕಿಕೊಂಡು ಬರತೊಡಗಿದರು. ಬಂದವರಲ್ಲಿ ಬಹಳ ಜನ ಗೃಹಿಣಿಯರು! ಅವರಿಗೆ ದೀಪಾ ಮಾ "ಮನೆ ಬಿಟ್ಟು ಬಾ" ಅಂತ ಹೇಳಲಿಲ್ಲ. ಬಟ್ಟೆ ಒಗೆಯುವಾಗ, ಇಸ್ತ್ರಿ ಮಾಡುವಾಗ, ಅಡುಗೆ ಮಾಡುವಾಗ ಎಚ್ಚರ ಇಟ್ಟುಕೊಳ್ಳಲು ಕಲಿಸಿದರು. ಮಕ್ಕಳೊಂದಿಗರಾದ ಒಬ್ಬ ತಾಯಿಗೆ ಮಗುವಿಗೆ ಹಾಲುಣಿಸುವಾಗ ಆ ಹಾಲುಣಿಸುವುದನ್ನೇ ಗಮನಿಸಲು ಹೇಳಿದರು. ಅಮೆರಿಕದಲ್ಲಿ ಇಂದು ದೊಡ್ಡ ಧ್ಯಾನ ಗುರುಗಳು ಅನ್ನಿಸಿಕೊಂಡ ಜೋಸೆಫ್ ಗೋಲ್ಡ್‌ಸ್ಟೀನ್, ಶಾರನ್ ಸಾಲ್ಜ್‌ಬರ್ಗ್ ಅಂಥವರೂ ಅವರ ಕಾಲ ಬುಡದಲ್ಲಿ ಕೂತು ಕಲಿತವರೇ. 1989ರಲ್ಲಿ ದೀಪಾ ಮಾ ತೀರಿಕೊಂಡರು.

ಇದು ಈಗಿನವರು ಸೇರಿಸಿದ್ದಾ ಅಂತ ಕೇಳಿದ್ದೀರಲ್ಲ, ಅಲ್ಲವೇ ಅಲ್ಲ. ಎಚ್ಚರದ ಬಗ್ಗೆ ಬುದ್ಧ ಕೊಟ್ಟ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲೇ ಇದೆ. ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈ ಮಡಚುವಾಗ, ಚಾಚುವಾಗ, ಬಟ್ಟೆ ಉಡುವಾಗ, ತಿನ್ನುವಾಗ, ಕುಡಿಯುವಾಗ, ಕಡೆಗೆ ಮಲಮೂತ್ರಕ್ಕೆ ಹೋದಾಗ ಕೂಡ ತಿಳಿದು ಮಾಡುವವನಾಗು ಅಂತ ಬುದ್ಧ ಹೇಳಿದ್ದಾನೆ. ಒಂದನ್ನೂ ಬಿಟ್ಟಿಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. ಮಹಾಸಿ ವಿಧಾನದಲ್ಲಿ ಏನು ನಡೆಯುತ್ತಿದೆಯೋ ಅದಕ್ಕೆ ಮನಸ್ಸಿನಲ್ಲೇ ಮೆಲ್ಲಗೆ ಒಂದು ಹೆಸರು ಹಾಕುತ್ತೇವೆ. ಕೂತಾಗ ಹೊಟ್ಟೆ "ಏರುತ್ತಿದೆ, ಇಳಿಯುತ್ತಿದೆ". ನಡೆಯುವಾಗ ಹೆಜ್ಜೆ "ಎತ್ತುವುದು, ಸರಿಸುವುದು, ಇಡುವುದು". ದಿನವಿಡೀ ಮಾಡುತ್ತೇನೆ ಅಂತ ಹೊರಡಬೇಡಿ, ಸುಸ್ತಾಗಿ ಎರಡೇ ದಿನಕ್ಕೆ ಬಿಡುತ್ತೀರಿ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ನನ್ನದು ಚಪಾತಿ. ಉಂಡೆ ಮಣೆಗೆ ಬಿದ್ದ ಕೂಡಲೇ ಶುರು. ಲಟ್ಟಣಿಗೆ ಹಿಡಿದಾಗ ಅಂಗೈಗೆ ಅದರ ಗಟ್ಟಿತನ, ಒತ್ತುವಾಗ ಭುಜದಿಂದ ಇಳಿಯುವ ಭಾರ, ಹಿಟ್ಟು ತೆಳ್ಳಗಾದ ಹಾಗೆ ಕೈಗೆ ಸಿಗುವ ತಡೆ ಕಡಿಮೆಯಾಗುವುದು, ತವಾ ಮೇಲೆ ಹಾಕುವಾಗ ಬೆರಳ ತುದಿಗೆ ತಾಗುವ ಬಿಸಿ. ಇದರ ಮಧ್ಯೆ "ಇವತ್ತು ಮ್ಯಾನೇಜರ್ ಹಾಗೆ ಅಂದನಲ್ಲ" ಅಂತ ಮನಸ್ಸು ಹೊರಡುತ್ತದೆ, ಗೊತ್ತಾದ ಕೂಡಲೇ "ಯೋಚನೆ, ಯೋಚನೆ" ಅಂತ ಹೆಸರು ಹಾಕಿ ಮತ್ತೆ ಲಟ್ಟಣಿಗೆಗೆ ಬರುತ್ತೇನೆ. ಬೈದುಕೊಳ್ಳುವುದಿಲ್ಲ. ಕೋಪ ಬಂದರೆ ಕೋಪಕ್ಕೂ ಹೆಸರು. ಅತ್ತೆ ಏನೋ ಅಂದ ಕ್ಷಣ ಎದೆ ಬಿಸಿಯಾಗಿ ಗಂಟಲು ಬಿಗಿಯುತ್ತದಲ್ಲ, ಉತ್ತರ ಬಾಯಿಗೆ ಬರುವುದಕ್ಕಿಂತ ಮುಂಚೆ ಆ ಬಿಗಿತ ಕಣ್ಣಿಗೆ ಬಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಕೂರುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಕೂತು ಹರಿತವಾದ ಗಮನವೇ ಚಪಾತಿ ಮಣೆಯ ಹತ್ತಿರವೂ ಬರುವುದು. ಎರಡೂ ಬೇಕು.

ಭೀಮಾತೀರದವ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಕಲಬುರಗಿ ಜಿಲ್ಲೆಯ ಶಾಲಾ ಮಾಸ್ತರ. ಬೇರೆ ಕಡೆಯಿಂದ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮ ಮನೆಯಲ್ಲಿ ಬೌದ್ಧ ಧರ್ಮ ಬಂದದ್ದು ಶಿಬಿರದ ದಾರಿಯಲ್ಲಿ ಅಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ದೀಕ್ಷೆ ತೆಗೆದುಕೊಂಡರಲ್ಲ, ಆ ದಾರಿಯಲ್ಲಿ ಬಂದದ್ದು. ನಮ್ಮ ಅಪ್ಪನಿಗೆ ಪದ್ಮಾಸನ ಹಾಕಿ ಗಂಟೆಗಟ್ಟಲೆ ಕೂರುವುದು ಗೊತ್ತಿರಲಿಲ್ಲ. ದಿನಾ ಸಂಜೆ ಕೈಕಾಲು ತೊಳೆದು ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ (ಒಳ್ಳೆಯ ನಡತೆಯ ಐದು ನಿಯಮ) ಹೇಳುತ್ತಿದ್ದರು. ಭಾನುವಾರ ವಿಹಾರದಲ್ಲಿ ವಂದನೆ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಯಾರ ಮುಂದೂ ತಲೆ ತಗ್ಗಿಸುವುದಿಲ್ಲ, ಯಾರನ್ನೂ ಕೀಳಾಗಿ ಕಾಣುವುದಿಲ್ಲ. ಅಷ್ಟೇ ಅವರ ಸಾಧನೆ, ಜೀವನಪೂರ್ತಿ. ಧ್ಯಾನ ಅಂದ ಕೂಡಲೇ ಕಣ್ಣು ಮುಚ್ಚುವುದು ಮಾತ್ರ ಅಂತ ಆದರೆ ಇಂಥವರು ಲೆಕ್ಕಕ್ಕೇ ಬರುವುದಿಲ್ಲ, ಅದು ನನಗೆ ನೋವು.

ಶಿಬಿರದಲ್ಲಿ ಮೊದಲ ದಿನ ಐದು ಶೀಲ ಕೊಟ್ಟು ಆಮೇಲೆ ಉಸಿರಿಗೆ ಕೂರಿಸುತ್ತಾರೆ, ಅಲ್ವಾ? ಅದಕ್ಕೆ ಕಾರಣ ಇದೆ. ಹಗಲು ಒಬ್ಬರಿಗೆ ಸುಳ್ಳು ಹೇಳಿ ಬಂದರೆ ಸಂಜೆ ಕೂತಾಗ ಅದೇ ಎದುರು ಬಂದು ನಿಲ್ಲುತ್ತದೆ. ಮೇಡಂ, ನಿಮ್ಮ ಕೌಂಟರಿನ ಮುಂದೆ ಹೆಬ್ಬೆಟ್ಟು ಒತ್ತುವ ಒಬ್ಬ ಅಜ್ಜಿ ಪಿಂಚಣಿಗೆ ಬಂದಾಗ ಗದರದೆ ಎರಡು ಸಲ ಬಿಡಿಸಿ ಹೇಳಿ ಕಳಿಸಿದರೆ ಅದು ಸಮ್ಯಕ್ ವಾಚಾ, ಅಂದರೆ ಸರಿಯಾದ ಮಾತು. ಬುದ್ಧನ ಮಾರ್ಗದ ಎಂಟು ಅಂಗಗಳಲ್ಲಿ ಅದೂ ಒಂದು. ಅದಕ್ಕೆ ಬೇರೆ ಸಮಯ ಹೊಂದಿಸಬೇಕಿಲ್ಲ.

ಗೃಹಸ್ಥರ ಪಾಡು ಬುದ್ಧನಿಗೆ ಗೊತ್ತಿತ್ತು. ಕೋಲಿಯ ಕುಲದ ದೀಘಜಾಣು ಅನ್ನುವವನು ಬಂದು ನೇರವಾಗಿ ಹೇಳುತ್ತಾನೆ: ನಾವು ಮಕ್ಕಳು ತುಂಬಿದ ಹಾಸಿಗೆಯಲ್ಲಿ ಮಲಗುವವರು, ಗಂಧ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮ್ಮಂಥವರಿಗೆ ಏನಾದರೂ ಹೇಳು ಅಂತ. ಬುದ್ಧ ಅವನಿಗೆ ಹೋಗಿ ಕಾಡಿನಲ್ಲಿ ಕೂರು ಅನ್ನಲಿಲ್ಲ. ಕೆಲಸದಲ್ಲಿ ಪಳಗು, ದುಡಿದದ್ದನ್ನು ಕಾಪಾಡಿಕೋ, ಒಳ್ಳೆಯವರ ಸಹವಾಸ ಮಾಡು, ಆದಾಯ ನೋಡಿ ಖರ್ಚು ಮಾಡು ಅಂದ. ಆಮೇಲೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಅಂತ ಮುಂದಿನದ್ದನ್ನೂ ಹೇಳಿದ. ನಮ್ಮ ಭೀಮಾ ದಂಡೆಯ ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪ ನೋಡಿ ಬನ್ನಿ. "ರಾಯೋ ಅಸೋಕೋ" ಅಂತ ಬರೆದಿರುವ ಅಶೋಕನ ಶಿಲ್ಪ ನೋಡಲು ಎಲ್ಲರೂ ಹೋಗುತ್ತಾರೆ. ಅಲ್ಲಿನ ಕಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರುಗಳಿವೆ, ಅದರಲ್ಲಿ ಮನೆ ಮಠ ಇದ್ದ ಗೃಹಸ್ಥರೂ ಇದ್ದಾರೆ. ನಮ್ಮ ನೆಲದಲ್ಲಿ ಇದು ಮೊದಲಿಂದಲೂ ಸಂಸಾರಸ್ಥರದ್ದೂ ಆಗಿತ್ತು.

ದಾವಣಗೆರೆ_ಅಮ್ಮ

ಇಷ್ಟೊಂದು ಬರೆದಿದ್ದೀರಿ, ಮೂವರಿಗೂ ಶರಣು. ಮಾಸ್ತರರೇ, ಪಿಂಚಣಿ ಅಜ್ಜಿಯ ಮಾತು ನೆಟ್ಟಗೆ ಬಂದು ತಾಗಿತು, ತಿಂಗಳ ಮೊದಲ ವಾರ ನಮ್ಮಲ್ಲಿ ಸಾಲು ಬಾಗಿಲು ದಾಟುತ್ತದೆ. ಶಾಂತಲಾ ನಗರದ ತಂಗೀ, ಹೆಸರು ಹಾಕುವುದನ್ನು ಶುರು ಮಾಡಿದರೆ ಸಂವೇದನೆ ನೋಡುವುದಕ್ಕೆ ಅಡ್ಡ ಬರುವುದಿಲ್ವಾ? ಹಳೇ ಸಾಧಕರು ಬೆರೆಸಬೇಡಿ ಅಂತಿದ್ದಾರೆ. ಮತ್ತೆ ನಿದ್ದೆಯದ್ದು ಯಾರೂ ಹೇಳಲಿಲ್ಲ.

ಶಾಂತಲಾ_ನಗರದವಳು

ಕೂತಾಗ ನೀವು ಕಲಿತದ್ದನ್ನೇ ಮಾಡಿ ಅಕ್ಕ. ಕೆಲಸದ ಹೊತ್ತಿನಲ್ಲಿ ಹೆಸರು ಹಾಕುವುದು ಬೇಡ ಅನ್ನಿಸಿದರೆ ಬಿಡಿ, ಕೈಯಲ್ಲಿನ ಸಂವೇದನೆಯನ್ನೇ ನೋಡಿ. ನೀವು ಅಲ್ಲಿ ಕಲಿತದ್ದಕ್ಕೂ ಅದು ಹೊಂದುತ್ತದೆ.

ಹಳೇ_ಸಾಧಕ_ಮೈಸೂರು

ಹೌದು, ಇದಕ್ಕೆ ನನ್ನ ತಕರಾರಿಲ್ಲ. ಬಿಡುವಾದಾಗ ಕಣ್ಣು ತೆರೆದೇ ಸಂವೇದನೆ ಗಮನಿಸಿ ಅಂತ ನಮ್ಮಲ್ಲೂ ಹೇಳುತ್ತಾರೆ. ಲೆಕ್ಕ ಹಾಕುವಾಗ ಮಾತ್ರ ಗಮನ ಪೂರ್ತಿ ಲೆಕ್ಕದ ಮೇಲೇ ಇರಲಿ, ನೋಟು ಎಣಿಸುವಾಗ ಬೇರೆ ಸಾಧನೆ ಬೇಡ.

ವೂಸ್ಟರ್_ಕನ್ನಡಿಗ

ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ, ಮೂಲ ಶಿವಮೊಗ್ಗ. ಆ್ಯಪ್ ಪ್ರಶ್ನೆಗೆ ಉತ್ತರ ಹೇಳಬಹುದು ಅನ್ನಿಸಿತು, ಏಕೆಂದರೆ ಇಂದಿನ ಬಹಳಷ್ಟು ಆ್ಯಪ್‌ಗಳು ಕಲಿಸುವುದರ ಮೂಲ ನಾನೀಗ ಇರುವ ವೂಸ್ಟರ್ ಊರಲ್ಲೇ ಇದೆ. ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಒಂದು ತರಗತಿ ಶುರು ಮಾಡಿದರು. ಔಷಧಿಯಿಂದ ಪೂರ್ತಿ ಹೋಗದ ನೋವು ಇಟ್ಟುಕೊಂಡವರನ್ನು ವೈದ್ಯರು ಅವರ ಹತ್ತಿರ ಕಳಿಸುತ್ತಿದ್ದರು. ಎಂಟು ವಾರ, ವಾರಕ್ಕೊಂದು ತರಗತಿ, ಮನೆಯಲ್ಲಿ ದಿನಾ ಅಭ್ಯಾಸ. ಬುದ್ಧನ ಹೆಸರು ಹೇಳುವುದಿಲ್ಲ, ಆದರೆ ಬೇರು ಅಲ್ಲಿಯದೇ. ಮೊದಲ ತರಗತಿಯಲ್ಲಿ ಕೈಗೆ ಒಂದು ಒಣದ್ರಾಕ್ಷಿ ಕೊಡುತ್ತಾರೆ. ನೋಡಿ, ಮುಟ್ಟಿ, ಕಿವಿಯ ಹತ್ತಿರ ಒತ್ತಿ ಸದ್ದು ಕೇಳಿ, ಮೂಸಿ, ನಾಲಿಗೆ ಮೇಲಿಟ್ಟು ಅಗಿಯದೆ ಕಾಯಿರಿ, ಆಮೇಲೆ ಒಂದು ಸಲ ಕಚ್ಚಿ ಅಂತಾರೆ. ಒಂದು ದ್ರಾಕ್ಷಿಯಲ್ಲಿ ಇಷ್ಟು ರುಚಿ ಇತ್ತಾ ಅಂತ ಜನ ಬೆರಗಾಗುತ್ತಾರೆ.

ಅಂಗಾಂಗ ಗಮನಿಸುವ ಅಭ್ಯಾಸ ಅವರಲ್ಲೂ ಇದೆ, ಮಲಗಿಕೊಂಡು ಕಾಲ ಬೆರಳಿನಿಂದ ಶುರು ಮಾಡಿ ಮೇಲೆ ಬರುತ್ತಾರೆ. ನಿಮಗೆ ಹೆಚ್ಚು ಉಪಯೋಗ ಆಗುವುದು ಮೂರು ನಿಮಿಷದ ಉಸಿರಿನ ಬಿಡುವು. ಮರುಕಳಿಸುವ ಖಿನ್ನತೆಗೆ ಅಂತ ಇದೇ ಜಾಡಿನಲ್ಲಿ ಮನಃಶಾಸ್ತ್ರಜ್ಞರು ರೂಪಿಸಿದ ಚಿಕಿತ್ಸೆಯಲ್ಲಿ ಅದು ಬರುತ್ತದೆ. ಮೊದಲು ಈಗ ಏನು ನಡೆಯುತ್ತಿದೆ ಅಂತ ನೋಡುವುದು: ಯಾವ ಯೋಚನೆ, ಯಾವ ಭಾವ, ಮೈಯಲ್ಲಿ ಎಲ್ಲಿ ಬಿಗಿತ. ಆಮೇಲೆ ಎಲ್ಲವನ್ನೂ ಬಿಟ್ಟು ಉಸಿರಿಗೆ ಬರುವುದು. ಕೊನೆಗೆ ಉಸಿರಿನ ಜೊತೆ ಇಡೀ ಮೈಗೆ ಗಮನ ಹರಡಿ, ಕಣ್ಣು ತೆರೆದು ಕೆಲಸಕ್ಕೆ ಹೋಗುವುದು. ಬ್ಯಾಂಕಿನಲ್ಲಿ ಊಟದ ಡಬ್ಬಿ ತೆರೆಯುವ ಮುಂಚೆ ಮಾಡಬಹುದು, ಸಂಜೆ ಲೆಕ್ಕ ತಾಳೆಯಾಗದೆ ತಲೆ ಕೆಟ್ಟಾಗಲೂ ಮಾಡಬಹುದು.

ಆ್ಯಪ್‌ನಿಂದ ಕಲಿತದ್ದು ಕೆಡುವುದಿಲ್ಲ. ಅದು ನೆನಪಿಸುವ ಗಂಟೆಯಾಗಿ ಇದ್ದರೆ ಒಳ್ಳೆಯದು. ವಿಯೆಟ್ನಾಮಿನ ಭಿಕ್ಷು ಥಿಚ್ ನ್ಹಾತ್ ಹಾನ್ ಅವರು 1982ರಲ್ಲಿ ಫ್ರಾನ್ಸ್‌ನಲ್ಲಿ ಶುರು ಮಾಡಿದ ಪ್ಲಮ್ ವಿಲೇಜ್ ಎಂಬ ಧ್ಯಾನ ಕೇಂದ್ರದಲ್ಲಿ ಗಂಟೆ ಸದ್ದು ಕೇಳಿದ ಕೂಡಲೇ ಎಲ್ಲರೂ ಇದ್ದಲ್ಲೇ ನಿಂತು ಮೂರು ಉಸಿರು ಗಮನಿಸುತ್ತಾರೆ, ಫೋನ್ ರಿಂಗಾದರೂ ಹಾಗೇ, ತಕ್ಷಣ ಎತ್ತುವುದಿಲ್ಲ. ನಿಮ್ಮ ಮನೆಯಲ್ಲಿ ಕುಕ್ಕರ್ ವಿಷಲ್ ಇದೆಯಲ್ಲ, ಅದೇ ಸಾಕು. ಆ್ಯಪ್‌ನಲ್ಲಿ ನನಗೆ ಹಿಡಿಸದ್ದು "ಸತತ ಇಷ್ಟು ದಿನ ಮಾಡಿದಿರಿ" ಅಂತ ಅಂಕ ಕೊಡುವುದು. ಒಂದು ದಿನ ತಪ್ಪಿದರೆ ಅಪರಾಧಿ ಭಾವ ಹುಟ್ಟಿಸುತ್ತದೆ. ಆ ಸೂಚನೆಗಳನ್ನು ಆಫ್ ಮಾಡಿಡಿ.

ಭೀಮಾತೀರದವ

ಸರ್, ನಿಮ್ಮ ಮಾಹಿತಿ ಉಪಯುಕ್ತ. ಆದರೆ ಶೀಲ ತೆಗೆದು ಬರೀ ಗಮನ ಉಳಿಸಿಕೊಂಡರೆ ಅದನ್ನು ಬುದ್ಧನ ಮಾರ್ಗ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಂಪನಿಗಳು ಹನ್ನೆರಡು ಗಂಟೆ ದುಡಿಸಿ, ಒತ್ತಡ ತಡೆದುಕೊಳ್ಳಿ ಅಂತ ಹತ್ತು ನಿಮಿಷ ಧ್ಯಾನ ಮಾಡಿಸುತ್ತವೆ. ದುಡಿಸುವ ಗಂಟೆ ಯಾಕೆ ಕಡಿಮೆ ಮಾಡಬಾರದು ಅಂತ ಕೇಳುವುದೂ ಎಚ್ಚರವೇ.

ವೂಸ್ಟರ್_ಕನ್ನಡಿಗ

ಒಪ್ಪಿದೆ ಮಾಸ್ತರೇ. ನೋವಿನಲ್ಲಿರುವ ರೋಗಿಗೆ ಯಾವ ಬಾಗಿಲು ತೆರೆದರೂ ಒಳ್ಳೆಯದು ಅನ್ನುವುದು ನನ್ನ ನಿಲುವು. ಆದರೆ ಕಂಪನಿಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ.

ನರ್ಸ್_ಹುಬ್ಬಳ್ಳಿ

ನಾನು ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಕೆಲಸ ಮಾಡುವವಳು, ನಾನೂ ಧ್ಯಾನ ಮಾಡುತ್ತೇನೆ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ವಿಷಯ ಬರೆಯಲೇಬೇಕು. ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒಳ್ಳೆಯದೇ ಮಾಡುತ್ತದೆ ಅನ್ನುವುದು ಸರಿಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲೋಬಿ ಬ್ರಿಟನ್ ಎಂಬ ಸಂಶೋಧಕಿ ಮತ್ತು ಅವರ ತಂಡ ಧ್ಯಾನ ಮಾಡುವವರನ್ನು ಕೂರಿಸಿ ಮಾತಾಡಿಸಿ, ಅವರಿಗಾದ ತೊಂದರೆಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಭಯ, ನಿದ್ದೆ ಬಾರದಿರುವುದು, ಹಳೆಯ ಆಘಾತ ಮತ್ತೆ ಎದ್ದು ಬರುವುದು, ತಾನೇ ತಾನಲ್ಲ ಅನ್ನಿಸುವುದು, ಇಂಥವು ಅದರಲ್ಲಿವೆ. ಶಿಬಿರದ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಬಗ್ಗೆ ಕೇಳುತ್ತಾರಲ್ಲ, ಅದು ಸುಮ್ನೆ ಅಲ್ಲ. ಜನ ಮುಚ್ಚಿಡುತ್ತಾರೆ, ದಯವಿಟ್ಟು ಮುಚ್ಚಿಡಬೇಡಿ.

ಕೂತಾಗ ಎದೆ ಹೊಡೆದುಕೊಂಡು ಭಯವಾದರೆ ಹಲ್ಲು ಕಚ್ಚಿ ಕೂರಬೇಡಿ. ಕಣ್ಣು ತೆರೆಯಿರಿ, ಎದ್ದು ನಡೆಯಿರಿ, ತಣ್ಣೀರಿನಲ್ಲಿ ಮುಖ ತೊಳೆಯಿರಿ, ಮನೆಯವರ ಜೊತೆ ಮಾತಾಡಿ. ಮತ್ತೆ ಮತ್ತೆ ಆಗುತ್ತಿದ್ದರೆ ಕೂರುವ ಸಮಯ ಕಡಿಮೆ ಮಾಡಿ, ನಿಮ್ಮ ಆಚಾರ್ಯರಿಗೂ ಹೇಳಿ, ವೈದ್ಯರಿಗೂ ತೋರಿಸಿ. ಧ್ಯಾನ ಶುರು ಮಾಡಿದೆ ಅಂತ ಮಾತ್ರೆ ನಿಲ್ಲಿಸುವುದು ಬಹಳ ಅಪಾಯ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ದಾವಣಗೆರೆ ಅಕ್ಕನಿಗೆ ಹೀಗೇನೂ ಆಗುತ್ತಿರುವ ಹಾಗೆ ಕಾಣುವುದಿಲ್ಲ, ಅವರದ್ದು ಬರೀ ಆಯಾಸ. ಆಯಾಸಕ್ಕೆ ನಿದ್ದೆಯೇ ಮದ್ದು.

ಗಾಂಧಿನಗರ_ಉಪಾಸಕ

ನಿದ್ದೆ ಪ್ರಶ್ನೆ ನನಗೆ ಬಿಡಿ! ನಾನು ಬೆಂಗಳೂರು ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಹೋಗುವವನು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಸಂಸ್ಥೆ ಅದು. ಹುಣ್ಣಿಮೆ ದಿನ ಅಲ್ಲಿ ಕೂತರೆ ಮಧ್ಯಾಹ್ನದ ಹೊತ್ತು ನನಗೂ ತೂಕಡಿಕೆ.

ಬುದ್ಧನ ಇಬ್ಬರು ಪ್ರಮುಖ ಶಿಷ್ಯರಲ್ಲಿ ಒಬ್ಬನಾದ ಮೊಗ್ಗಲ್ಲಾನ ಮಗಧದ ಒಂದು ಹಳ್ಳಿಯಲ್ಲಿ ಕೂತು ತೂಕಡಿಸುತ್ತಿದ್ದ. ಅಂಥವನಿಗೇ ನಿದ್ದೆ ಬರುತ್ತಿತ್ತು ಅಂದರೆ ನಿಮಗೆ ಬರುವುದರಲ್ಲಿ ಏನು ವಿಶೇಷ. ಬುದ್ಧ ಅವನಿಗೆ ಒಂದರ ಹಿಂದೆ ಒಂದು ಉಪಾಯ ಹೇಳುತ್ತಾನೆ. ಯಾವುದನ್ನು ಮನಸ್ಸಿಗೆ ತಂದುಕೊಂಡಾಗ ತೂಕಡಿಕೆ ಬಂತೋ ಅದನ್ನು ಬಿಡು. ಹೋಗಲಿಲ್ವಾ, ಕೇಳಿದ ಧರ್ಮವನ್ನು ಮೆಲುಕು ಹಾಕು. ಆಗಲೂ ಇದ್ದರೆ ಬಾಯಿಬಿಟ್ಟು ಪಠಿಸು. ಎರಡೂ ಕಿವಿ ಹಿಡಿದು ಎಳೆ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿ ದಿಕ್ಕುಗಳನ್ನು ನೋಡು, ತಲೆ ಎತ್ತಿ ನಕ್ಷತ್ರ ನೋಡು. ಬೆಳಕನ್ನು ನೆನೆ. ಅತ್ತಿಂದಿತ್ತ ನಡೆ. ಇಷ್ಟೆಲ್ಲ ಮಾಡಿದರೂ ಹೋಗದಿದ್ದರೆ ಬಲಮಗ್ಗುಲಾಗಿ, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಮಲಗು. ಕೊನೆಗೆ ಮಲಗು ಅಂತಲೇ ಹೇಳಿದ ನೋಡಿ, ಎಷ್ಟು ಅಂತಃಕರಣ ಇರಬೇಕು.

ಹಾಗಾಗಿ ರಾತ್ರಿ ಕೂರುವುದರ ಬದಲು ನಡೆಯಿರಿ. ಟೆರೇಸ್ ಇದ್ದರೆ ಟೆರೇಸ್, ಇಲ್ಲದಿದ್ದರೆ ಹಾಲ್‌ನಲ್ಲೇ ಈ ಗೋಡೆಯಿಂದ ಆ ಗೋಡೆಗೆ, ಪಾದ ನೆಲಕ್ಕೆ ತಾಗುವುದನ್ನು ಗಮನಿಸುತ್ತಾ. ಊಟವಾದ ತಕ್ಷಣ ಕೂರಬೇಡಿ. ಕೆಲಸದಿಂದ ಬಂದ ಕೂಡಲೇ ಮನಸ್ಸು ನಿಲ್ಲುವುದಿಲ್ಲ, ಸ್ವಿಚ್ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದಲ್ಲ ಹಾಗೆ. ಮೊದಲು ನಡೆದು, ಆಮೇಲೆ ಕೂತರೆ ಎರಡಕ್ಕೂ ಅನುಕೂಲ.

ಕುಶಾಲನಗರ_ಹುಡುಗ

ಬೈಲಕುಪ್ಪೆ ಪಕ್ಕದವನು, ಹಾಗಾಗಿ ಟಿಬೆಟಿನವರದ್ದೂ ಒಂದು ಮಾತು ಸೇರಿಸುತ್ತೇನೆ. ಪ್ರವಾಸಿಗಳು ಇಲ್ಲಿನ ನಮ್ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಬೇಗ ಬಂದರೆ ಅಲ್ಲಿನ ಅಜ್ಜ ಅಜ್ಜಿಯರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುವುದು ಕಾಣುತ್ತದೆ. ಮೊಮ್ಮಕ್ಕಳ ಕೈ ಹಿಡಿದುಕೊಂಡೇ ಹಾಕುತ್ತಾರೆ, ಮಧ್ಯೆ ನಿಂತು ಪಕ್ಕದ ಮನೆಯವರ ಕ್ಷೇಮ ವಿಚಾರಿಸುತ್ತಾರೆ, ಮತ್ತೆ ಮಂತ್ರ. ಅವರಲ್ಲಿ "ಸ್ವಲ್ಪ ಹೊತ್ತು, ಆದರೆ ಹಲವು ಸಲ" ಅನ್ನುವ ಪಾಠ ಇದೆ. ಒಂದೇ ಸಲ ಎಳೆದು ಕೂರುವುದಕ್ಕಿಂತ ದಿನದಲ್ಲಿ ಮತ್ತೆ ಮತ್ತೆ ಮನಸ್ಸನ್ನು ಮುಟ್ಟಿ ಬರುವುದು. ಹಾಗೇ ಮಾಡಿದ ಅಭ್ಯಾಸದ ಪುಣ್ಯವನ್ನು ಕೊನೆಗೆ ಎಲ್ಲ ಜೀವಿಗಳಿಗೂ ಹಂಚುತ್ತಾರೆ. ನೀವು ಶಿಬಿರದಲ್ಲಿ ಕಲಿತ, ಎಲ್ಲರಿಗೂ ಒಳಿತು ಬಯಸುವ ಮಂಗಳ ಮೈತ್ರಿಯೂ ಅದೇ ಅಲ್ವಾ ಮೇಡಂ? ಅದನ್ನು ಅತ್ತೆಯವರಿಂದ ಶುರು ಮಾಡಿ, ಅವರ ಮೊಣಕಾಲು ನೋವು ನಿಮ್ಮ ಕಣ್ಣಿಗೆ ಆಗಲೇ ಬಿದ್ದಿದೆ.

ದಾವಣಗೆರೆ_ಅಮ್ಮ

ಎಲ್ಲ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ಬೆಳಿಗ್ಗೆ ಹಾಲು ಕಾಯಿಸುವ ಮುಂಚೆ ಅರ್ಧ ಗಂಟೆ ಕೂರುವುದು, ಅವರು ಊರಲ್ಲಿರುವ ದಿನ ಡಬ್ಬಿ ಅವರೇ ಕಟ್ಟುವುದು, ಆ ದಿನ ಒಂದು ಗಂಟೆ. ರಾತ್ರಿ ಕೂರುವುದಿಲ್ಲ, ಟೆರೇಸ್ ಮೇಲೆ ನಡೆಯುತ್ತೇನೆ. ಪಾತ್ರೆ ತೊಳೆಯುವುದನ್ನು ನನ್ನ ಕೆಲಸ ಅಂತ ಆರಿಸಿಕೊಂಡಿದ್ದೇನೆ, ನೀರು ಕೈಮೇಲೆ ಬೀಳುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅತ್ತೆಯ ಮೊಣಕಾಲಿಗೆ ಸಂಜೆ ಎಣ್ಣೆ ಹಚ್ಚುವಾಗಲೂ ಮಾಡಿ ನೋಡಬೇಕು ಅಂತ ಇದೆ.

ಒಬ್ಬಳೇ ಮಾಡಿದರೆ ಮತ್ತೆ ಬಿಟ್ಟು ಹೋಗುತ್ತದೇನೋ ಅನ್ನುವ ಅಳುಕು ಮಾತ್ರ ಉಳಿದಿದೆ. ದಾವಣಗೆರೆ, ಹರಿಹರ ಕಡೆ ವಾರಕ್ಕೊಮ್ಮೆ ಒಟ್ಟಿಗೆ ಕೂರುವವರು ಯಾರಾದರೂ ಇದ್ದೀರಾ?

ಹಳೇ_ಸಾಧಕ_ಮೈಸೂರು

ನೀವು ಶಿಬಿರ ಮಾಡಿದ ಕೇಂದ್ರಕ್ಕೇ ಕೇಳಿ ಮೇಡಂ. ಯಾವ ಊರಲ್ಲಿ ಹಳೆಯ ಸಾಧಕರ ಸಾಮೂಹಿಕ ಸಾಧನೆ ನಡೆಯುತ್ತದೆ ಅನ್ನುವ ವಿವರ ಅವರು ಕೊಡುತ್ತಾರೆ. ನಿಮ್ಮ ಊರಲ್ಲಿ ಇಲ್ಲದಿದ್ದರೆ ನಿಮ್ಮ ಜೊತೆ ಶಿಬಿರ ಮಾಡಿದ ಒಬ್ಬರು ಸಿಕ್ಕರೂ ಸಾಕು, ಭಾನುವಾರ ನಿಮ್ಮ ಮನೆಯಲ್ಲೇ ಶುರು ಮಾಡಬಹುದು. ಮೈಸೂರಿನಲ್ಲಿ ನಮ್ಮ ಗುಂಪು ಶುರುವಾದದ್ದೂ ಒಬ್ಬರ ಮನೆಯ ಹಾಲ್‌ನಲ್ಲೇ.